ನಾಯಿಗೆ ಎಡಗಾಲು, ಅತ್ತೆಗೆ ಬಲಗಾಲು

ನಾಯಿಯನ್ನು ಪಕ್ಕದಲ್ಲಿ ಜೋಡಿಯಾಗಿ ನಡೆಸುವುದು ಕಾಲಿನ ಕೆಲಸ. ಕೈಯಿಂದ ಹಗ್ಗ ಜಗ್ಗುವವರು ನಾಯಿಗೂ ಜಗ್ಗುವುದನ್ನೇ ಕಲಿಸಿಬಿಡುತ್ತಾರೆ. ನಾನು ಇದನ್ನು ತಿಳಿದುಕೊಂಡದ್ದು ಬೆಳಗಾವಿಯಲ್ಲಿ, ಫ್ರಾಕು ತೊಡುವ ವಯಸ್ಸಿನಲ್ಲಿ, ಎದುರುಮನೆಯ ಅಂಗಳವನ್ನು ನೋಡುತ್ತ ನೋಡುತ್ತ. ಅಲ್ಲಿ ಪಲ್ಟನ್ನಿನಿಂದ ನಿವೃತ್ತರಾಗಿ ಬಂದ ಮರಾಠಿ ಸುಭೇದಾರರೊಬ್ಬರಿದ್ದರು. ಬಿಸಿಲು ಇಳಿದ ಮೇಲೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು, ನಾಯಿಯನ್ನು ಎಡಗಡೆಗೆ ಇಟ್ಟುಕೊಂಡು ಅಂಗಳದ ತುಂಬ ತಿರುಗುತ್ತಿದ್ದರು. ನಾನು ಹೋಮ್‌ವರ್ಕ್ ಬಿಟ್ಟು ಕಂಪೌಂಡಿನ ಮೇಲೆ ಗದ್ದ ಊರಿ ನಿಲ್ಲುತ್ತಿದ್ದೆ. ಒಮ್ಮೆ ಅವರೇ ಕರೆದು, "ಬಾಳಾ, ಕುತ್ರಾ ಪಾಯ್ ಬಘತೋ" ಅಂದರು. ಮಗಳೇ, ನಾಯಿ ಕಾಲು ನೋಡುತ್ತದೆ ಅಂತ. ಹೊರಡುವಾಗ ಎಡಗಾಲು ಮೊದಲು ಎತ್ತಿದರೆ ನಾಯಿಗೆ "ಬಾ" ಅಂದ ಹಾಗೆ. ಬಲಗಾಲು ಎತ್ತಿದರೆ "ನೀನು ಇಲ್ಲೇ ಇರು, ನಾನು ಹೋಗಿ ಬರುತ್ತೇನೆ" ಅಂದ ಹಾಗೆ. ಬಾಯಿ ತೆರೆಯುವ ಅಗತ್ಯವೇ ಇಲ್ಲ.

ನನಗದು ಬಹಳ ಹಿಡಿಸಿತು. ಏಕೆಂದರೆ ಕಾನ್ವೆಂಟಿನ ಡ್ರಿಲ್ಲಿನಲ್ಲಿ ನಾನು ಯಾವಾಗಲೂ ತಪ್ಪು ಕಾಲು ಎತ್ತಿ ಸಾಲಿನಿಂದ ಹೊರಗೆ ನಿಲ್ಲುವವಳು. ಡ್ರಿಲ್ ಮಾಡಿಸುವ ಸಿಸ್ಟರ್ ಬಿಳಿ ಅಂಗಿಯ ಅಂಚನ್ನು ಚೂರು ಎತ್ತಿ, ತಮ್ಮ ಕರಿ ಬೂಟನ್ನು ತೋರಿಸಿ "ಲೆಫ್ಟ್, ಮೈ ಡಿಯರ್, ಲೆಫ್ಟ್" ಅನ್ನುತ್ತಿದ್ದರು. ಸುಭೇದಾರರ ನಾಯಿಯನ್ನು ನೋಡಿದ ಮೇಲೆ ನನ್ನ ಕಾಲು ತಪ್ಪಲಿಲ್ಲ. ಸಿಸ್ಟರ್ ಅದು ಪ್ರಾರ್ಥನೆಯ ಫಲ ಅಂದುಕೊಂಡರು. ನಾನೂ ಹೂಂ ಅಂದೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಯಾಗಿ ಜತ್ತ ಸೀಮೆಯ ಬಿಳೂರೆಂಬ ಹಳ್ಳಿಗೆ ಬಂದೆ. ಮಣ್ಣಿನ ಮಾಳಿಗೆಯ ಮನೆ, ಹಿಂದೆ ದನದ ಕೊಟ್ಟಿಗೆ, ಅದರಾಚೆ ಕಣ. ಮಾವನವರಿಗೆ ಒಣಬೇಸಾಯದ ಹೊಲ, ಜೊತೆಗೆ ಜತ್ತ ಪೇಟೆಯಲ್ಲಿ ಕಾಳಿನ ವ್ಯಾಪಾರ. ನಮ್ಮವರು ದಿನಾ ಸೈಕಲ್ಲಿನಲ್ಲಿ ಪೇಟೆಗೆ ಹೋಗಿ ಬರುತ್ತಿದ್ದರು. ಮನೆಯ ಬೀಸುವ ಕಲ್ಲಿನಿಂದ ಹಿಡಿದು ಕೊಟ್ಟಿಗೆಯ ಎಮ್ಮೆಯವರೆಗೆ ಎಲ್ಲವೂ ನನಗಿಂತ ಮೊದಲೇ ಅಲ್ಲಿದ್ದವು. ಎಲ್ಲಕ್ಕೂ ನನಗಿಂತ ಹೆಚ್ಚು ಅಧಿಕಾರ. ಎಮ್ಮೆ ಕೂಡ ನಾನು ಹಿಂಡಲು ಕೂತರೆ ಅತ್ತೆಯವರನ್ನು ಹುಡುಕಿ ಕುತ್ತಿಗೆ ತಿರುಗಿಸುತ್ತಿತ್ತು.

ಹಾಗಿರುವಾಗ ಒಂದು ಸಂಜೆ ನಮ್ಮವರು ಸೈಕಲ್ಲಿನ ಹಿಡಿಕೆಗೆ ಕೈಚೀಲ ತೂಗುಹಾಕಿಕೊಂಡು ಬಂದರು. ಚೀಲದಿಂದ ಉದ್ದ ಮೂತಿಯೊಂದು ಹೊರಗೆ ಇಣುಕುತ್ತಿತ್ತು. ನಮ್ಮ ಕಡೆಯ ಬೇಟೆನಾಯಿಯ ಜಾತಿಯ ಹೆಣ್ಣುಮರಿ. ಮಬ್ಬುಬೆಳಕಿನಲ್ಲಿ ನಾನು ಆ ಮೂತಿಯನ್ನು ಬದನೆಕಾಯಿ ಅಂದುಕೊಂಡು ಕೈ ಹಾಕಿದ್ದೆ, ಬೆರಳು ನೆಕ್ಕಿತು. ಆ ಮನೆಗೆ ನನ್ನ ಹಿಂದೆ ಬಂದದ್ದು ಅದೊಂದೇ. ನನ್ನ ಕೈಕೆಳಗೆ ಅಂತ ಇದ್ದದ್ದೂ ಅದೊಂದೇ.

ಬೆಳೆದಂತೆ ಕಾಲು ಉದ್ದವಾದವು, ಹೊಟ್ಟೆ ಬೆನ್ನಿಗೆ ಹತ್ತಿತು. ಅತ್ತೆಯವರು "ಇದಕ್ಕ ಎಷ್ಟ ರೊಟ್ಟಿ ಹಾಕಿದ್ರೂ ನಾವ ಉಪಾಸ ಕೆಡವೀವಿ ಅನ್ನೋ ಹಂಗ ಕಾಣತೈತಿ" ಅಂತ ಗೊಣಗುತ್ತಲೇ ಹಾಲಿನ ಬೋಗುಣಿ ಸರಿಸುತ್ತಿದ್ದರು. ನಾಯಿ ಗುಣದಲ್ಲಿ ಬೆಣ್ಣೆ. ಒಂದೇ ದೋಷ: ಎದುರಿಗೆ ಏನಾದರೂ ಓಡಿದರೆ ಅದರ ಹಿಂದೆ ತಾನೂ ಓಡಬೇಕು. ಕೋಳಿ, ಕರು, ಗಾಳಿಗೆ ಹಾರಿದ ಕಾಗದ, ಯಳವಿ ಊರಿನ ಕಡೆಗೆ ಹೋಗುವ ಎಸ್.ಟಿ. ಬಸ್ಸು, ಯಾವುದಾದರೂ ಸರಿ.

ದೀಪಾವಳಿ ಮುಗಿದ ಮೇಲೆ ಕುರಿಯವರು ಹಿಂಡು ಹೊಡೆದುಕೊಂಡು ಪಡುವಣ ಸೀಮೆಗೆ, ಹೊಳೆಯ ಕಡೆಗೆ ಹೊರಡುತ್ತಾರೆ. ಮಳೆಗಾಲಕ್ಕೆ ತಿರುಗಿ ಬಂದು ಬಿತ್ತನೆಯ ಮುಂಚೆ ನಮ್ಮಂಥವರ ಹೊಲದಲ್ಲಿ ರಾತ್ರಿ ಕುರಿ ಕೂಡ್ರಿಸುತ್ತಾರೆ. ಕುರಿಯ ಹಿಕ್ಕಿಯೇ ಹೊಲಕ್ಕೆ ಗೊಬ್ಬರ. ಆ ವರ್ಷ ಅವರು ಹೊರಟ ದಿನ ನಮ್ಮ ಓಣಿಯಲ್ಲಿ ಹಿಂಡು ಹಾಯುವಾಗ, ಯಾರೋ ಬಾಗಿಲು ತೆರೆದರು, ನಾಯಿ ಬಾಣದ ಹಾಗೆ ಹೊರಬಿತ್ತು. ಕಚ್ಚಲಿಲ್ಲ. ಓಡಿಸಿತು ಅಷ್ಟೆ. ಆದರೆ ಗಬ್ಬದ ಕುರಿಯೊಂದು ಬೆದರಿ ಹಳ್ಳಕ್ಕೆ ಜಿಗಿದು ಕಾಲು ಉಳುಕಿಸಿಕೊಂಡಿತು.

ಕುರಿಯವರ ಮನೆತನದ ಹಿರಿಯ ಹೆಂಗಸನ್ನು ಊರೆಲ್ಲ ಆಯಿ ಅನ್ನುತ್ತಿತ್ತು. ಗಂಡಸರು ಹಿಂಡಿನ ಮುಂದೆ ನಡೆಯುತ್ತಿದ್ದರು, ಎಲ್ಲಿ ಕೂಡ್ರಿಸಬೇಕು ಎಂಬುದನ್ನು ಹಿಂದಿನಿಂದ ಆಯಿ ಹೇಳುತ್ತಿದ್ದಳು. ಅವಳು ಉಳುಕಿದ ಕುರಿಯನ್ನು ಕುದುರೆಯ ಮೇಲೆ ಹೇರಿಸಿ, ಕಟ್ಟೆಯ ಮೇಲಿದ್ದ ಮಾವನವರ ಮುಂದೆ ಬಂದು ನಿಂತಳು.

"ಸಾವಕಾರ್ರ, ನಿಮ್ಮ ಹೊಲ ಚಲೋ, ನಿಮ್ಮ ಮಾತು ಚಲೋ. ನಿಮ್ಮ ನಾಯಿ ಚಲೋ ಅಲ್ಲ. ಇದ ಈ ಓಣ್ಯಾಗ ಇರೂತನಾ ನಮ್ಮ ಕುರಿ ನಿಮ್ಮ ಹೊಲದಾಗ ಕುಂದ್ರೂದಿಲ್ಲ."

ಮಾವನವರು ಎಲೆ ಅಡಿಕೆ ಉಗುಳಿ ಬಂದು, "ಸೊರಡಿಗೆ ಕೊಟ್ಟ ಬಿಡೂನು" ಅಂದರು. ಸೊರಡಿಯಲ್ಲಿ ಅತ್ತೆಯವರ ತಮ್ಮನ ತೋಟದ ಮನೆ. ಅಲ್ಲಿ ನಾಯಿ ಕಟ್ಟಿಹಾಕುವ ಸರಪಳಿ ಇತ್ತು ಅಂತ ನನಗೆ ಗೊತ್ತಿತ್ತು. ಓಡುವುದಕ್ಕೇ ಹುಟ್ಟಿದ ಕಾಲು ಅದರ. ನಾನು ಬಾಗಿಲ ಮರೆಯಲ್ಲಿ ನಿಂತು, ಬಂದಾಗಿನಿಂದ ಮೊದಲ ಸಲ ಮಾವನವರಿಗೆ ಕೇಳುವ ಹಾಗೆ ಮಾತಾಡಿದೆ:

"ನಾ ಅದಕ್ಕ ನಡಿಯೂದು ಕಲಿಸ್ತೀನ್ರಿ."

"ಅದು ನಡಿಯೂದ ಕಲಿತೈತಲ್ಲ, ಓಡೂದೂ ಕಲಿತೈತಿ" ಅಂತ ನಮ್ಮವರು ನಕ್ಕರು.

"ಜೋಡಿ ನಡಿಯೂದು. ಕುರಿಯ ನಡುವ ಹಾದರೂ ನನ್ನ ಕಾಲ ಬಿಟ್ಟು ಹೋಗಬಾರದು, ಹಂಗ."

ಮಾವನವರು ನನ್ನ ಕಡೆ ನೋಡಲಿಲ್ಲ. ಆಯಿಯ ಕಡೆ ನೋಡಿದರು. ಆಯಿ ನನ್ನ ಸೀರೆಯನ್ನು ಅಂಚಿನಿಂದ ಸೆರಗಿನವರೆಗೆ ನೋಡಿದಳು. "ಆಗಲಿ ತಗೋರಿ. ಮಳಿಗಾಲಕ್ಕ ಬರ್ತೀವಿ. ಈ ಅವ್ವಾರು ನನ್ನ ಹಿಂಡಿನ್ಯಾಗ ಇದನ್ನ ಕರಕೊಂಡ ಹಾಯಲಿ. ಹಾದ್ರ ಇರಲಿ, ಇಲ್ಲಂದ್ರ ಸೊರಡಿ."

ಸುಗ್ಗಿ ಮುಗಿದು ಜೋಳ ಮನೆಗೆ ಬಂದ ಮೇಲೆ ಕಣ ಖಾಲಿಯಾಯಿತು. ಸಗಣಿ ಸಾರಿಸಿದ ದುಂಡನೆಯ ನೆಲ, ನಡುವೆ ಎತ್ತು ಕಟ್ಟುವ ಮೇಟಿ. ಸುಭೇದಾರರ ಅಂಗಳಕ್ಕಿಂತ ಚಲೋ ಜಾಗ. ಕರು ಕಟ್ಟುವ ಕಣ್ಣಿಹಗ್ಗವನ್ನು ನಾಯಿಯ ಕೊರಳಿಗೆ ಸಡಿಲಾಗಿ ಕಟ್ಟಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಹಿಡಿದು ನಿಂತೆ. "ಜೋಡಿ" ಅಂದೆ. ಎಡಗಾಲು ಎತ್ತಿದೆ.

ನಾಯಿ ನನ್ನ ಮುಖ ನೋಡಿತು, ಆಕಾಶ ನೋಡಿತು, ಮಲಗಿಕೊಂಡಿತು.

ಕೆಲವು ದಿನ ಹೀಗೇ. ಸುಭೇದಾರರು ಪ್ಯಾಂಟು ಹಾಕುತ್ತಿದ್ದರು, ಸಿಸ್ಟರ್ ಕೂಡ ಅಂಗಿ ಎತ್ತಿ ಬೂಟು ತೋರಿಸುತ್ತಿದ್ದರು. ನನ್ನ ಕಾಲು ನಾಯಿಗೆ ಕಾಣುವುದಾದರೂ ಹೇಗೆ? ನೆಲ ಗುಡಿಸುವ ಹಾಗೆ ಸೀರೆ ಉಟ್ಟಿದ್ದೆ, ಎಡಗಾಲು ಎತ್ತಿದರೂ ಬಲಗಾಲು ಎತ್ತಿದರೂ ಅಲ್ಲಾಡುತ್ತಿದ್ದದ್ದು ನೆರಿಗೆ. ಅದು ಮೂತಿಗೆ ಬಡಿದರೆ ನಾಯಿ ಪಾಪ ಸೀನುತ್ತಿತ್ತು. ಬಟ್ಟೆ ತೊಳೆಯುವಾಗ ಎಡಗಡೆಯ ನೆರಿಗೆಯಲ್ಲಿ ಮೂಗಿನ ಒದ್ದೆಗೆ ಅಂಟಿದ ಧೂಳಿನ ಗುಂಡು ಗುರುತುಗಳನ್ನು ನೋಡಿ ನನಗೆ ಹೊಳೆಯಿತು. ಮರುದಿನದಿಂದ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಎಡಗಾಲಿನ ಕಾಲುಂಗುರ ಬಿಸಿಲಿಗೆ ಮಿಂಚಿತು, ನಾಯಿಯ ಕಣ್ಣು ಅದಕ್ಕೆ ಅಂಟಿಕೊಂಡಿತು. ಎದ್ದು ಬಂತು!

ನೇರ ನಡೆಯುವುದು ಸುಲಭ. ತಿರುವುಗಳದ್ದೇ ಕಷ್ಟ. ಮೇಟಿಯ ಸುತ್ತ ಎಡಕ್ಕೆ ಸುತ್ತುವಾಗ ನಾಯಿ ಒಳಗಡೆ, ನಾನು ಹೊರಗಡೆ. ಆಗ ಅದರ ಹೆಜ್ಜೆ ಚಿಕ್ಕದಾಗಬೇಕು. ನಾನು ಎಡಪಾದವನ್ನು ಚೂರು ಒಳಕ್ಕೆ, ಮೇಟಿಯ ಕಡೆ ತಿರುಗಿಸಿಟ್ಟು, ಬಲಗಾಲನ್ನು ಅದರ ಎದೆಯ ಮುಂದೆ ಹಾಯಿಸಿ ತಂದರೆ ಅದು ತಾನಾಗಿ ಹಿಂದಿನ ಕಾಲು ಸರಿಸಿಕೊಂಡು ತಿರುಗುತ್ತಿತ್ತು. ಬಲಕ್ಕೆ ಸುತ್ತುವಾಗ ಅದಕ್ಕೆ ಹೊರಗಿನ ದಾರಿ, ಉದ್ದ ಹೆಜ್ಜೆ. ಆಗ ನನ್ನ ಹೆಜ್ಜೆ ಸಣ್ಣದು ಮಾಡಿ ಅದಕ್ಕೆ ಸಮಯ ಕೊಡಬೇಕು. ನಿಲ್ಲುವಾಗ ಎಡಗಾಲು ಊರಿ, ಬಲಗಾಲನ್ನು ತಂದು ಅದರ ಪಕ್ಕ ಜೋಡಿಸಬೇಕು. ಪಾದಗಳೆರಡೂ ಕೂಡಿದವೋ, ಕುಂಡಿ ನೆಲಕ್ಕೆ. ನಾಯಿಯದು ಅಂತ ಬೇರೆ ಹೇಳಬೇಕಿಲ್ಲವಷ್ಟೆ.

ಮಾವನವರು ಹಿತ್ತಲ ಬಾಗಿಲಿನಿಂದ ನೋಡಿ ಒಂದು ದಿನ ಅತ್ತೆಯವರಿಗೆ ಹೇಳಿದ್ದು ಕೇಳಿಸಿತು: "ರಾಶಿ ಮುಗದೈತಿ, ಇನ್ನೂ ಒಂದ ಜೋಡಿ ಕಣಾ ತುಳ್ಯಾಕತ್ತೈತಿ ನೋಡ."

ಕಣದಲ್ಲಿ ಸರಿಹೋದ ಮೇಲೆ ಓಣಿಗೆ ಕರೆದೊಯ್ಯಬೇಕು ಅಂತ ಹೊರಟೆ. ಇಲ್ಲಿ ಶುರುವಾಯಿತು ಹೊಸ ಪಜೀತಿ. ಬಾಗಿಲಲ್ಲಿ ನಾಯಿಯನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು, "ಜೋಡಿ" ಅಂದು ಹೊಸ್ತಿಲು ದಾಟಿದೆ. ಕಣ್ಣಿ ಬಿಗಿಯಿತು. ಹಿಂತಿರುಗಿ ನೋಡಿದರೆ ನಾಯಿ ಒಳಗೇ ದೇವರ ಹಾಗೆ ಕೂತಿದೆ. ಮತ್ತೆ ಒಳಗೆ ಬಂದು ಮತ್ತೆ ದಾಟಿದೆ. ಮತ್ತೆ ಹಾಗೇ. ಕಣದಲ್ಲಿ ನೆರಳಿನ ಹಾಗೆ ಬರುವ ನಾಯಿ, ತಲೆಬಾಗಿಲಲ್ಲಿ ಮಾತ್ರ ಕಲ್ಲು.

ಅತ್ತೆಯವರಿಗೆ ಬಹಳ ಸಂತೋಷ. "ನೋಡ, ನಾಯಿಗೂ ತಿಳೀತೈತಿ, ಹೆಣ್ಮಕ್ಕಳು ಹೊಸ್ತಿಲಾ ದಾಟಬಾರದು ಅಂತ. ನಿನಗ ತಿಳಿವಲ್ದು."

"ಅತ್ತ್ಯಾರ, ಒಳಗ ಏನರ ನೋಡಿ ಅಂಜಿತೇನ್ರಿ?"

"ನನ್ನ ನೋಡಿ ಅಂಜಿರಬೇಕು. ಈ ಮನ್ಯಾಗ ಒಬ್ಬರರ ಅಂಜಲಿ."

ಮರುದಿನ ಬೇಕೆಂದೇ ನನ್ನ ಪಾದವನ್ನೇ ನೋಡಿಕೊಂಡು ಹೊರಟೆ. ನೋಡಿದರೆ ಹೊಸ್ತಿಲ ಮೇಲಿಂದ ಮೊದಲು ಹೋಗುತ್ತಿದ್ದದ್ದು ನನ್ನ ಬಲಗಾಲು! ಮದುವೆಯಾಗಿ ಈ ಮನೆಗೆ ಕಾಲಿಟ್ಟ ದಿನ ಬಲಗಾಲಿನಿಂದ ಸೇರು ಒದ್ದು ಒಳಗೆ ಬಂದವಳು. ಆಮೇಲೆ ಹೋಗುವಾಗ ಬರುವಾಗ ಅತ್ತೆಯವರು ಅಡಿಗೆಮನೆಯಿಂದಲೇ "ಬಲಗಾಲ, ಬಲಗಾಲ" ಅಂತ ಕೂಗಿ ಕೂಗಿ ನನ್ನ ಕಾಲಿಗೆ ಅದು ರೂಢಿಯಾಗಿಬಿಟ್ಟಿತ್ತು. ಸೊಸೆಯ ಎಡಗಾಲು ಮೊದಲು ಹೊರಗೆ ಬಿದ್ದರೆ ಮನೆಯ ಲಕ್ಷ್ಮಿ ಅದರ ಹಿಂದೆ ಹೋಗುತ್ತಾಳೆ ಅಂತ ಅವರ ನಂಬಿಕೆ. ಬಾಯಿ "ಜೋಡಿ ಬಾ" ಅನ್ನುತ್ತಿತ್ತು, ಬಲಗಾಲು "ಇಲ್ಲೇ ಇರು" ಅನ್ನುತ್ತಿತ್ತು. ನಾಯಿ ಕಾಲಿನ ಮಾತು ಕೇಳಿ ಇದ್ದುಬಿಟ್ಟಿತ್ತು.

ಎಡಗಾಲು ಹಾಕಿ ನೋಡೋಣ ಅಂತ ಪಾದ ಎತ್ತಿದೆನೋ ಇಲ್ಲವೋ, ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಏ ತಂಗಿ! ಯಾವ ಕಾಲ ಅದು?"

"ನಾಯಿ ಸಲುವಾಗಿ ರೀ..."

"ನಾಯಿ ಬರಲಿ ಅಂತ ಲಕ್ಷ್ಮೀನ ಕಳಸ್ತಿ ಏನ? ಜತ್ತ ಪ್ಯಾಟ್ಯಾಗ ನಿನ್ನ ಗಂಡ ಜ್ವಾಳಾ ಮಾರಾಕತ್ತಾನ, ಇಲ್ಲಿ ನೀ ಎಡಗಾಲ ಹಾಕತಿ!"

ಅವರನ್ನು ಎದುರು ಹಾಕಿಕೊಂಡು ನಾಯಿಯನ್ನು ಉಳಿಸಿಕೊಳ್ಳುವುದು ಆಗದ ಮಾತು. ಹೊಸ್ತಿಲಲ್ಲೇ ನಿಂತು ಯೋಚಿಸಿದೆ. ಆಮೇಲೆ ಹೀಗೆ ಮಾಡಿದೆ. ಬಲಗಾಲು ಹೊರಗಿಟ್ಟು ದಾಟಿದೆ. ಅತ್ತೆಯವರ ಪಾಲು ಮುಗಿಯಿತು. ಹೊರಗಿನ ಮೆಟ್ಟಿಲ ಮೇಲೆ ಎರಡೂ ಪಾದ ಜೋಡಿಸಿ ನಿಂತು, ಹಿಂದೆ ತಿರುಗದೆ ನಾಯಿಯನ್ನು ಕರೆದು ಎಡಗಡೆಗೆ ಕೂಡ್ರಿಸಿಕೊಂಡೆ. ಅಲ್ಲಿಂದ ಎಡಗಾಲು. ನಾಯಿ ಜೊತೆಗೆ ಎದ್ದು ಬಂತು. ಅತ್ತೆಯವರು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತು ನೋಡಿದರು. ಮೆಟ್ಟಿಲಿಗೆ ಲಕ್ಷ್ಮಿಯ ಕಟ್ಟಳೆ ಇದೆಯೋ ಇಲ್ಲವೋ ಎಂದು ಅವರಿಗೂ ಅನುಮಾನ. ಕೊನೆಗೆ, "ಹೊರಗ ಏನರ ಮಾಡ್ಕೋ" ಅಂದು ರೊಟ್ಟಿಗೆ ಹೋದರು.

ಆ ಬೇಸಿಗೆಯೆಲ್ಲ ಓಣಿಯಲ್ಲಿ ನಡೆದೆವು. ಹಿರಿಯರು ಕೂಡುವ ಕಟ್ಟೆಯ ಮುಂದೆ ಚಪ್ಪಲಿ ತೆಗೆದು ಬಲಗೈಯಲ್ಲಿ ಹಿಡಿದು, ಎಡಗೈಯಲ್ಲಿ ಕಣ್ಣಿ ಹಿಡಿದು ಹಾಯುತ್ತಿದ್ದೆ. ಕಟ್ಟೆಯ ಮುದುಕರು ಮೊದಮೊದಲು "ಸೊಸಿ ನಾಯಿ ಹೊಡಕೊಂಡ ಹೊಂಟಾಳೋ, ನಾಯಿ ಸೊಸೀನ ಹೊಡಕೊಂಡ ಹೊಂಟೈತೋ" ಅನ್ನುತ್ತಿದ್ದರು. ಆಮೇಲೆ ನಮ್ಮನ್ನು ನೋಡಿ ಹೊತ್ತು ಹೇಳತೊಡಗಿದರು. ಕೋಳಿ ಹಾದವು, ಕರು ಹಾಯಿತು, ಎಸ್.ಟಿ. ಗಾಡಿ ಕೂಡ ಹಾಯಿತು. ನಾಯಿಯ ಕಿವಿ ಏಳುತ್ತಿತ್ತು, ಕಾಲು ಏಳುತ್ತಿರಲಿಲ್ಲ. ಆದರೆ ಕುರಿ? ಇಡೀ ಹಿಂಡು? ಅದನ್ನು ಪರೀಕ್ಷಿಸಿ ನೋಡಲು ಊರಲ್ಲಿ ಹಿಂಡೇ ಇರಲಿಲ್ಲ. ಒಳಗೊಳಗೆ ಅಳುಕು. ಸೊರಡಿಯ ಮಾವ, ಅಂದರೆ ಅತ್ತೆಯವರ ತಮ್ಮ, ಆಗಲೇ "ಮೊದಲ ಮಳಿ ಬಿದ್ದ ಮ್ಯಾಲ ಬಂದ ಒಯ್ತೀನಿ" ಅಂತ ಸಂತೆಯಲ್ಲಿ ಸಿಕ್ಕವರ ಕೈಯಲ್ಲಿ ಹೇಳಿ ಕಳಿಸಿದ್ದರು.

ಮೊದಲ ಮಳೆ ಬಿತ್ತು. ಎರಡನೆಯದೂ ಬಿತ್ತು. ಒಂದು ಮುಂಜಾನೆ ಕಸ ಗುಡಿಸುತ್ತಿದ್ದಾಗ ಒದ್ದೆ ಉಣ್ಣೆಯ ವಾಸನೆ ಮೊದಲು ಬಂತು, ಆಮೇಲೆ ಸಪ್ಪಳ. ಓಣಿಯ ಕೊನೆಯಲ್ಲಿ ಕೆಂಪು ರುಮಾಲುಗಳು, ಹಿಂದೆ ಹಾಸಿಗೆ ಗಂಟು ಹೊತ್ತ ಕುದುರೆ, ಗಂಟಿನ ಮೇಲೆ ಕಾಲು ಕಟ್ಟಿದ ಕೋಳಿ, ಎಲ್ಲದರ ಹಿಂದೆ ಕೋಲು ಹಿಡಿದ ಆಯಿ. ಮಾವನವರು ಕಟ್ಟೆಯಿಂದ ಎದ್ದು ನಿಂತರು.

"ಕರಕೊಂಡ ಬಾರವಾ ನಿನ್ನ ನಾಯೀನ" ಅಂದರು. ನನ್ನ ಜೊತೆ ಅವರು ನೇರವಾಗಿ ಆಡಿದ ಮೊದಲ ಮಾತು ಅದು.

ನೆರಿಗೆ ಸಿಕ್ಕಿಸಿದೆ. ಮೆಟ್ಟಿಲಿಳಿದೆವು. ಹಿಂಡು ಓಣಿಯ ಅಗಲಕ್ಕೂ ತುಂಬಿ ನಮ್ಮ ಕಡೆಗೇ ಬರುತ್ತಿತ್ತು. ಆಯಿ ಹಿಂದಿನಿಂದ ಕೂಗಿದಳು, "ಅವ್ವಾರ, ಇನ್ನೂ ಹೊತ್ತ ಹೋಗಿಲ್ಲ, ಹೆದರಿಕಿ ಬಂದ್ರ ಒಳಗ ಹೋಗ್ರಿ!"

ನಾಯಿಯ ಭುಜ ನನ್ನ ಮೊಣಕಾಲಿಗೆ ತಾಗಿತ್ತು, ಅದರ ಚರ್ಮ ನಡುಗುವುದು ತಿಳಿಯುತ್ತಿತ್ತು. ಮೊದಲ ಟಗರು ಎದುರಿಗೆ ಬಂದಾಗ ನಡುಗಿದ್ದು ನಾನು. ಹೆಜ್ಜೆ ಸಣ್ಣದಾಯಿತು. ನನ್ನ ಹೆಜ್ಜೆ ಸಣ್ಣದಾದ ಕೂಡಲೇ ನಾಯಿ ಮುಂದಾಯಿತು, ಮೂತಿ ನನ್ನ ಪಾದವನ್ನು ದಾಟಿತು, ಕಣ್ಣಿ ಬಿಗಿಯತೊಡಗಿತು. ಜಗ್ಗಬೇಕು ಅನ್ನಿಸಿತು, ಜಗ್ಗಲಿಲ್ಲ. ಮೇಟಿಯನ್ನು ಸುತ್ತುವ ಹಾಗೆ ಎಡಪಾದ ಒಳಗಿಟ್ಟು, ಬಲಗಾಲನ್ನು ಅದರ ಎದೆಯ ಮುಂದೆ ಹಾಯಿಸಿದೆ. ಇದ್ದ ಜಾಗದಲ್ಲೇ ಒಂದು ಸುತ್ತು. ಕೆಸರಲ್ಲಿ ಕಾಲು ಜಾರಿತು, ಬೀಳಲಿಲ್ಲ. ಸುತ್ತು ಮುಗಿಯುವಾಗ ಅದರ ಕಣ್ಣು ಮತ್ತೆ ನನ್ನ ಪಾದಕ್ಕೆ ಬಂದಿತ್ತು.

"ಇದೇನ ಕುಣಿತ ನಡಸ್ಯಾರ?" ಅಂದಳು ಆಯಿ.

ಇನ್ನು ನಾನು ಕುರಿಗಳನ್ನು ನೋಡಲಿಲ್ಲ. ಓಣಿಯ ಕೊನೆಯ ಬೇವಿನ ಮರದ ಮೇಲೆ ಕಣ್ಣಿಟ್ಟು, ಡ್ರಿಲ್ಲಿನಲ್ಲಿ ನಡೆದ ಹಾಗೆ ದೊಡ್ಡ ದೊಡ್ಡ ಹೆಜ್ಜೆ ಹಾಕಿದೆ. ಹಿಂಡು ಎರಡಾಗಿ ಒಡೆದು ನಮ್ಮ ಎರಡೂ ಕಡೆಯಿಂದ ಹರಿಯಿತು. ಒದ್ದೆ ಉಣ್ಣೆ ನನ್ನ ಕೈಗೆ ಸವರಿತು. ಮರಿಯೊಂದು ಛಂಗನೆ ಜಿಗಿದು ನಾಯಿಯ ಮೂಗಿನ ಮುಂದೆಯೇ ಬಿತ್ತು. ನಾಯಿ ಅದನ್ನು ನೋಡಿತು, ನನ್ನ ಪಾದ ನೋಡಿತು, ನಡೆಯಿತು. ಬೇವಿನ ಮರದ ಕೆಳಗೆ ಪಾದ ಜೋಡಿಸಿದೆ. ಕೂತುಕೊಂಡಿತು.

"ಹೊಳ್ಳಿ ಬರ್ರಿ!" ಆಯಿ ಕೋಲೆತ್ತಿದಳು. "ಒಮ್ಮೆ ಅಂದ್ರ ನಸೀಬ."

ಹೊರಳಿದೆವು. ಈ ಸಲ ನನಗೆ ಹೆದರಿಕೆ ಇರಲಿಲ್ಲ, ಹಾಗಾಗಿ ನಾಯಿಗೂ ಕೆಲಸ ಸುಲಭವಾಯಿತು. ಕುದುರೆಯನ್ನೂ, ಅದರ ಮೇಲೆ ಕೂಗುವ ಕೋಳಿಯನ್ನೂ, ಹಿಂಡಿನ ಬಾಲವನ್ನೂ ದಾಟಿ, ಅಷ್ಟರಲ್ಲಿ ಮಾವನವರ ಕಟ್ಟೆಯ ಹತ್ತಿರ ಬಂದಿದ್ದ ಆಯಿಯ ಮುಂದೆ ನಿಂತೆವು. ಆಯಿ ಬಗ್ಗಿ ನಾಯಿಯ ಗದ್ದ ಎತ್ತಿ ನೋಡಿದಳು.

"ಸಾವಕಾರ್ರ, ಇದು ನಾಯಿ ಅಲ್ರಿ, ಹೊಸ ಸೊಸಿ ಆಗೇತಿ. ತಲಿ ಎತ್ತವಲ್ದು, ಕಾಲ ಬಿಟ್ಟು ಕಣ್ಣ ಸರಸವಲ್ದು."

"ನಮ್ಮ ಸೊಸಿ ಯಾವತ್ತ ಹಂಗ ಇದ್ದಳು?" ಅಂದರು ಬಾಗಿಲಲ್ಲಿದ್ದ ಅತ್ತೆಯವರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವನವರು.

ಆಯಿ ತನ್ನ ಗಂಡುಮಕ್ಕಳನ್ನು ಕೂಗಿ ಹೇಳಿದಳು: "ಇವರ ಹೊಲಕ್ಕ ತಿರಗಸ್ರೋ. ಇವತ್ತಿಂದ ಅಲ್ಲೇ ಕೂಡ್ರಸೂನು."

ಎರಡು ದಿನ ಬಿಟ್ಟು ಸೊರಡಿಯ ಮಾವ ಚಕ್ಕಡಿ ಹೂಡಿಕೊಂಡು ಬಂದರು. ಅಕ್ಕನ ಮನೆಯ ನಾಯಿಗೆ ದಾರಿಯಲ್ಲಿ ತ್ರಾಸಾಗಬಾರದು ಅಂತ ಚಕ್ಕಡಿಯಲ್ಲಿ ಮೆತ್ತಗೆ ಜೋಳದ ಕಣಿಕೆ ಹಾಸಿ, ಮೇಲೊಂದು ಕೌದಿ ಬೇರೆ ಹೊದಿಸಿದ್ದರು. ಅಷ್ಟು ಒಳ್ಳೆಯ ಮನುಷ್ಯ. ನಾನು ಸುಮ್ಮನೆ ಸರಪಳಿಯನ್ನು ನೆನೆದು ಅವರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ನಾಯಿಯನ್ನು ಕೊಡುವುದಿಲ್ಲ ಅಂದ ಕೂಡಲೇ ಅವರ ಮುಖ ಸಣ್ಣದಾಯಿತು. ಊಟಕ್ಕೆ ಕೂತಾಗ ಝುಣಕ ರೊಟ್ಟಿ ಬಡಿಸುತ್ತ ನಾನು, ಮುಂದೆ ಅದು ಮರಿ ಹಾಕಿದಾಗ ಮೊದಲನೆಯದು ನಿಮಗೇ ಅಂದೆ.

"ಮರಿ ಕೊಟ್ರ ಸಾಲೂದಿಲ್ಲ, ನಡಿಯೂದು ಕಲಿಸಿ ಕೊಡಬೇಕು" ಅಂದರು.

"ಅದಕ್ಕ ನೀವೂ ಕಲೀಬೇಕಾಗತೈತ್ರಿ, ಮಾಮಾ."

"ನಾನೇನ ಕಲೀಲಿ, ಈ ವಯಸಿನ್ಯಾಗ?"

"ಕಾಲ ಎತ್ತೂದು" ಅಂದರು ನಮ್ಮವರು, ರೊಟ್ಟಿ ಮುರಿಯುತ್ತ.

ಊಟವಾದ ಮೇಲೆ ಸೊರಡಿಯ ಮಾವ ಖಾಲಿ ಚಕ್ಕಡಿಯ ಮುಂದೆ ನಿಂತು, ಅಷ್ಟು ಚೆನ್ನಾಗಿ ಹಾಸಿದ ಕಣಿಕೆಯನ್ನು ಒಂದು ಸಲ ಕೈಯಿಂದ ಒತ್ತಿ ನೋಡಿದರು. ಅತ್ತೆಯವರೂ ಬಂದು ಒತ್ತಿ ನೋಡಿದರು. ಒಳಗೆ ಹೋದರು. ಹೊರಗೆ ಬರುವಾಗ ಕೈಯಲ್ಲಿ ಗಂಟು, ಮೈಮೇಲೆ ಇಳಕಲ್ ಸೀರೆ.

"ತವರಿಗೆ ಹೋಗಿ ಬರ್ತೀನಿ" ಅಂದರು. "ನಾಯಿಗಂತ ಹಾಸ್ಯಾನ, ಹಾಳಾಗಬಾರದು."

ಗಂಟನ್ನು ಬೆನ್ನಿಗಿಟ್ಟುಕೊಂಡು, ಕೌದಿಯ ಮೇಲೆ ಕಾಲು ಚಾಚಿ ಕೂತರು. ಚಕ್ಕಡಿ ಓಣಿಯ ತಿರುವು ದಾಟುವವರೆಗೂ, ಒಲೆಯ ಮೇಲೆ ಹಾಲಿಟ್ಟಿದ್ದನ್ನು ನೋಡು, ಎಮ್ಮೆಗೆ ಹಿಂಡಿ ನೆನೆಹಾಕು, ಮಾವನಿಗೆ ಮಜ್ಜಿಗೆಯಲ್ಲಿ ಉಪ್ಪು ಕಡಿಮೆ ಮಾಡು ಅಂತ ನನಗೆ ಕೂಗಿ ಹೇಳುತ್ತಲೇ ಇದ್ದರು. ನಾಯಿ ನನ್ನ ಪಕ್ಕದಲ್ಲಿ ಕೂತು, ದೂರ ಹೋಗುವ ಚಕ್ಕಡಿಯನ್ನು ಓಡಬೇಕೋ ಬೇಡವೋ ಅನ್ನುವ ಮುಖದಿಂದ ನೋಡುತ್ತಿತ್ತು. ಓಡಲಿಲ್ಲ. ಆ ಸಂಜೆ ಎಮ್ಮೆಯನ್ನು ನಾನೇ ಹಿಂಡಿದೆ. ಆಮೇಲೆ ಕುರಿಯವರಿಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು, ನಾನೂ ನಾಯಿಯೂ ಹೊಲದ ಕಡೆ ಹೊರಟೆವು.